ನಮ್ಮ ಗಲ್ಲಿಗೆ ಬಳಿದ ಹಸಿರು ಬಣ್ಣ

ಸೊಳ್ಳೆ ನಕ್ಷೆಯ ಮೇಲಧಿಕಾರಿಗಳೇ,

ನನ್ನನ್ನು ಕಚ್ಚಿ ಜೀವಸಹಿತ ಹಾರಿಹೋದ ಸೊಳ್ಳೆ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಅಂಥ ನಾನೇ ಕೈಮುಗಿದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆಂದರೆ ಸಂಗತಿ ಎಲ್ಲಿಗೆ ಮುಟ್ಟಿರಬಹುದು, ಊಹಿಸಿ. ಬಲೆಗೆ ಬಿದ್ದ ಸೊಳ್ಳೆಗಳನ್ನು ಎಣಿಸಿ, ಡೆಂಗಿ ಸೊಳ್ಳೆ ಎಲ್ಲಿ, ಯಾವಾಗ ಹೆಚ್ಚು ಎಂದು ತೋರಿಸುವ ನಕ್ಷೆ ಮಾಡಿಸಿ ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿದ್ದೀರಿ. ಅದರಲ್ಲಿ ನಮ್ಮ ಗಲ್ಲಿ ಹಚ್ಚ ಹಸಿರು. ಅಂದರೆ ಸೊಳ್ಳೆಯೇ ಇಲ್ಲ. ಆ ಹಸಿರು ಗಲ್ಲಿಯಲ್ಲಿ ನನ್ನ ಮನೆಯಲ್ಲೇ ಇರುವ ತಂಗಿ ಮಗಳು ಈಗ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ಅವಳು ಬಟ್ಟೆ ಹೊಲಿಯುವವಳು. ಬೆಳಕಿಗೆಂದು ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಆನಿಸಿಟ್ಟಿದ್ದಾಳೆ. ಕಿಟಕಿಯ ಎದುರಿಗೆ ಅರ್ಧಕ್ಕೆ ನಿಂತ ಕಟ್ಟಡ, ಅದರ ನೆಲಮಾಳಿಗೆಯ ತುಂಬ ಮಳೆ ನೀರು. ಹಗಲು ಹೊತ್ತಿನಲ್ಲೇ ಸೊಳ್ಳೆಗಳು ಸಾಲುಗಟ್ಟಿ ಬಂದು ಅವಳ ಪಾದ ಹುಡುಕುತ್ತವೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಕುರ್ಚಿಯಿಂದ ಏಳದೆ ಪೆನ್ನಿನ ತುದಿಯಿಂದ ನಕ್ಷೆ ತೋರಿಸಿದರು.

“ನೋಡಿ ಯಜಮಾನ್ರೇ, ನಿಮ್ಮದು ಹಸಿರು. ಆರಾಮಾಗಿರಿ.”

“ನಮ್ಮ ಗಲ್ಲೀಲಿ ಸೊಳ್ಳೆ ಹಿಡಿಯೋ ಬಲೆ ಎಲ್ಲಿಟ್ಟಿದ್ದೀರಪ್ಪ?”

“ಅಲ್ಲಿ ಇಟ್ಟಿಲ್ಲ. ಅದಕ್ಕೆ ಕರೆಂಟ್ ಬೇಕು, ಕಾಯೋಕೆ ಜನ ಬೇಕು.”

“ಮತ್ತೆ ಹಸಿರು ಹೇಗೆ ಬಂತು?”

“ಒಂದು ಸೊಳ್ಳೆನೂ ಸಿಕ್ಕಿಲ್ಲವಲ್ಲ, ಅದಕ್ಕೇ.”

ಸ್ವಾಮಿ, ನಾನು ಓದಿದ್ದು ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ. ಪರೀಕ್ಷೆಗೆ ಬಾರದ ಹುಡುಗನ ಹೆಸರಿನ ಮುಂದೆ ನಮ್ಮ ಮೇಷ್ಟ್ರು ‘ಗೈರು’ ಎಂದು ಬರೆಯುತ್ತಿದ್ದರೇ ಹೊರತು ಸೊನ್ನೆ ಸುತ್ತುತ್ತಿರಲಿಲ್ಲ. ಇಷ್ಟು ದೊಡ್ಡ ಕಚೇರಿಗೆ ಅಷ್ಟು ಸಣ್ಣ ವ್ಯತ್ಯಾಸ ತಿಳಿಯಲಿಲ್ಲವೇ? ಬಲೆಗಳನ್ನೆಲ್ಲ ಇಟ್ಟಿರುವುದು ಎಲ್ಲಿ? ಅಧಿಕಾರಿಗಳ ವಸತಿಗೃಹಗಳ ತೋಟದಲ್ಲಿ! ಅಲ್ಲಿ ಕರೆಂಟಿದೆ, ಕಾವಲುಗಾರನಿದ್ದಾನೆ. ಹಾಗಾಗಿ ಅಲ್ಲಿ ಸೊಳ್ಳೆ ಸಿಕ್ಕಿತು, ನಕ್ಷೆ ಕೆಂಪಾಯಿತು, ಹೊಗೆ ಬಿಡುವ ವಾಹನ ದಿನವೂ ಆ ಹೂಗಿಡಗಳಿಗೆ ಮಂಗಳಾರತಿ ಎತ್ತುತ್ತಿದೆ. ಅದೂ ಆ ಸೊಳ್ಳೆಗಳನ್ನು ಹಿಡಿದದ್ದು ಯಾವಾಗ? ಕೆಸರು ತುಳಿಯುವ ಕಷ್ಟವಿಲ್ಲದ ಕಡು ಬೇಸಿಗೆಯಲ್ಲಿ. ಆ ಒಣ ದಿನಗಳ ಬಣ್ಣವನ್ನೇ ಈ ಮಳೆಗಾಲದಲ್ಲೂ ತೋರಿಸುತ್ತೀರಿ. ಇದಕ್ಕೆ ನಕ್ಷೆ ಎನ್ನುವುದಕ್ಕೂ ಬಾಯಿ ಹೇಸುತ್ತದೆ.

ಮುಂದಿನ ಸೋಮವಾರ ಅವಳು ಮನೆಗೆ ಬರುತ್ತಾಳೆ. ಇನ್ನೊಂದು ಬಗೆಯ ಡೆಂಗಿ ಮತ್ತೆ ತಗುಲಿದರೆ ಇದಕ್ಕಿಂತ ಕೆಟ್ಟದಾಗಬಹುದು, ಜೀವಕ್ಕೂ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದಾರೆ. “ಕಿಟಕಿ ಮುಚ್ಚಿಬಿಡ್ತೀನಿ ಬಿಡಮ್ಮ” ಎಂದೆ. “ಮಾವ, ಕತ್ತಲಲ್ಲಿ ತೋಳು ಹೊಲಿಯೋ ಜಾಗಕ್ಕೆ ಜೇಬು ಹೊಲಿದುಬಿಟ್ರೆ ನೀವು ಹಾಕ್ಕೋತೀರಾ?” ಎಂದಳು. ನಗಲೂ ತ್ರಾಣವಿಲ್ಲದ ಹುಡುಗಿ ನನ್ನನ್ನು ನಗಿಸಲು ನೋಡುತ್ತಿದ್ದಾಳೆ.

ಆದ್ದರಿಂದ ಕೇಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಸೋಮವಾರದೊಳಗೆ ಆ ನೆಲಮಾಳಿಗೆಯ ನೀರು ಹೊರಗೆ ಹೋಗಬೇಕು. ಹಗಲಲ್ಲಿ ಓಡುವ ಬಲೆಯೊಂದನ್ನು ನಮ್ಮ ಗಲ್ಲಿಯಲ್ಲಿ ತೂಗುಹಾಕಿ. ಕರೆಂಟ್ ನನ್ನ ಮನೆಯದು, ಕಾವಲು ನಾನೇ. ಅಲ್ಲಿಯವರೆಗೆ ನಕ್ಷೆಯ ಮೇಲಿನ ಆ ಹಸಿರನ್ನು ಕೆರೆದು ‘ಗೊತ್ತಿಲ್ಲ’ ಎಂದು ಬರೆಯಿರಿ. ಗೊತ್ತಿಲ್ಲ ಎನ್ನಲು ನಿಮಗೇಕಷ್ಟು ನಾಚಿಕೆ?

ಇಂತಿ,
ನಿಮ್ಮ ಲೆಕ್ಕದಲ್ಲಿ ಕಾಯಿಲೆಯೇ ಬಾರದ ಹುಡುಗಿಯ ಸೋದರಮಾವ

ಇನ್ನೊಂದು ಮಾತು. ನಿಮ್ಮ ವಾಹನ ಬರದಿದ್ದಾಗ, ಬೆನ್ನಿಗೆ ಹೊಗೆ ಯಂತ್ರ ಕಟ್ಟಿಕೊಂಡ ಒಬ್ಬನನ್ನು ನಾನೇ ಕರೆಸಿದೆ. ಬರೀ ಡೀಸೆಲ್ ಹೊಗೆ ಬಿಟ್ಟು, ಇಡೀ ಗಲ್ಲಿಯನ್ನು ಕೆಮ್ಮಿಸಿ, ದುಡ್ಡು ಎಣಿಸಿಕೊಂಡು ಮಾಯವಾದ. ಮೋಸಗಾರ ನಿಜ, ಆದರೂ ನಮ್ಮ ಗಲ್ಲಿಗೆ ಬಂದ. ಹೋದದ್ದು ಐನೂರು ಎಂದು ಮನೆಯಾಕೆಗೆ ಹೇಳಿದ್ದೇನೆ. ಪತ್ರ ಹೇಗೂ ಬಹಿರಂಗದ್ದು, ಇನ್ನು ಮುಚ್ಚಿಡುವುದೇನು? ನಾಲ್ಕು ಸಾವಿರದ ಏಳುನೂರು.