ದೊಡ್ಡ ಮಗುವಿಗೆ ಅರ್ಧ ಗಂಟೆ

ಜೂನ್ 3, ಮಂಗಳವಾರ

ಎರಡು ರೂಟ್ ಕೆನಾಲ್, ಒಂದು ಕಿತ್ತದ್ದು, ಉಳಿದವರಿಗೆಲ್ಲ ಬರೀ ಉಪದೇಶ. ಸೊಂಟ ಬಿದ್ದುಹೋಗಿದೆ. ಮನೆಗೆ ಬಂದರೆ ನನ್ನ ಹಾಸಿಗೆಯ ಮೇಲೆ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಮೇಲೊಂದು ಚೀಟಿ: ‘ದೊಡ್ಡಕ್ಕನಿಗೆ, ತಮ್ಮನಿಂದ.’

ತಮ್ಮ ಹುಟ್ಟಿ ಇನ್ನೂ ವಾರ ತುಂಬಿಲ್ಲ. ದೃಷ್ಟಿ ಒಂದು ಕಡೆ ನಿಲ್ಲುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕುಡಿದ ಹಾಲೂ ಒಳಗೆ ನಿಲ್ಲುವುದಿಲ್ಲ. ಆದರೂ ಮಾನ್ಯರು ಪೇಟೆಗೆ ಹೋಗಿ ಟಿ-ಶರ್ಟ್ ಆರಿಸಿ ತಂದಿದ್ದಾರೆ. ಹಳದಿ. ಎದೆಯ ಮೇಲೆ ಗುಂಡಕ್ಷರಗಳಲ್ಲಿ ‘ನಾನೀಗ ದೊಡ್ಡಕ್ಕ’. ನನಗೆ ಇಪ್ಪತ್ತೊಂಬತ್ತು. ಹೆಸರಿನ ಹಿಂದೆ ಡಾಕ್ಟರ್ ಇದೆ, ಮುಂದೆ ಎರಡು ಡಿಗ್ರಿ ಇವೆ. ಇನ್ನು ಎದೆಯ ಮೇಲೆ ಇದು.

“ಇಷ್ಟ ಆಯ್ತಾ?” ಬಾಗಿಲಲ್ಲಿ ಟೀಚರ್. ನರ್ಸರಿ ಶಾಲೆಯ ಟೀಚರ್; ಎರಡು ವರ್ಷದಿಂದ ಅಪ್ಪನ ಹೆಂಡತಿ. ಅಮ್ಮ ಹೋದ ಮೇಲೆ ಅಪ್ಪ ಬಹಳ ಕಾಲ ಒಬ್ಬರೇ ಇದ್ದರು, ಆಮೇಲೆ ಇವರು ಕನ್ನಡಕ ಮಾಡಿಸಲು ಅಪ್ಪನ ಅಂಗಡಿಗೆ ಬಂದರು. ನನಗೆ ಇವರು ಏನಾಗಬೇಕು ಎನ್ನುವುದಕ್ಕೆ ಶಬ್ದವಿದೆ, ಬಾಯಿಗೆ ಬರುವುದಿಲ್ಲ. ‘ಇಲ್ನೋಡಿ’ ಅಂತ ಶುರು ಮಾಡಿ ಕಾಲ ತಳ್ಳುತ್ತಿದ್ದೇನೆ.

“ನನ್ನ ಸೈಜ್ ಹೇಗೆ ಗೊತ್ತಾಯ್ತು ಅವನಿಗೆ?”

“ನಾನು ಸ್ವಲ್ಪ ಹೆಲ್ಪ್ ಮಾಡ್ದೆ.” ನಗಲಿಲ್ಲ. ತಮಾಷೆಗೂ ನಗಲಿಲ್ಲ.

ಪತ್ರಿಕೆಗಳು ಮಾತೆತ್ತಿದರೆ ಮಲತಾಯಿ ಧೋರಣೆ ಅನ್ನುತ್ತವೆ. ನನ್ನ ಪಾಲಿಗೆ ಬಂದದ್ದು ಮಲತಾಯಿ ಪ್ರೋತ್ಸಾಹ. ಧೋರಣೆಯ ಬಗ್ಗೆಯಾದರೂ ದೂರಬಹುದಿತ್ತು.

ಜೂನ್ 5, ಗುರುವಾರ

ಮೂಲ ಪತ್ತೆಯಾಯಿತು. ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ಲ್ಯಾಮಿನೇಟ್ ಮಾಡಿಸಿ. ಟೀಚರ್ ಶಾಲೆಯಲ್ಲಿ ಪೋಷಕರಿಗೆ ಹಂಚುವ ಹಾಳೆ — ‘ಹೊಸ ಮಗು ಬಂದಾಗ ದೊಡ್ಡ ಮಗುವನ್ನು ಜೊತೆಗೆ ಸೇರಿಸಿಕೊಳ್ಳುವುದು ಹೇಗೆ?’ ಮಗುವಿನಿಂದ ಒಂದು ಉಡುಗೊರೆ ಕೊಡಿಸಿ. ಸಣ್ಣಪುಟ್ಟ ಕೆಲಸ ಒಪ್ಪಿಸಿ. ಮಾಡಿದರೆ ಸ್ಟಿಕರ್ ಕೊಡಿ. ಅಪ್ಪನೊಂದಿಗೆ ವಾರಕ್ಕೆ ಅರ್ಧ ಗಂಟೆ ‘ವಿಶೇಷ ಸಮಯ’ ಇರಲಿ. ಕೆಳಗೆ ಸಣ್ಣಕ್ಷರದಲ್ಲಿ: ಎರಡರಿಂದ ಆರು ವರ್ಷದವರಿಗೆ.

ಬೆರಳಿಟ್ಟು ತೋರಿಸಿದೆ.

“ವಯಸ್ಸು ಬೇರೆ ಇರಬಹುದು, ಮನಸ್ಸು ಅದೇ ಅಲ್ವಾ,” ಅಂದರು. ಮಾನ್ಯರು ಅವರ ಭುಜದ ಮೇಲೆ ಜೊಲ್ಲು ಸುರಿಸುತ್ತ ಅನುಮೋದಿಸಿದರು. “ನಿಮ್ಗೆ ಯಾವ ಕೆಲಸ ಬೇಕೋ ನೀವೇ ಆರಿಸ್ಕೊಳ್ಳಿ. ಡೈಪರ್ ತಂದ್ಕೊಡೋದಾ, ಹಾಡು ಹೇಳೋದಾ?”

“ಹಲ್ಲು ಕೀಳೋದು.”

“ಅವನಿಗಿನ್ನೂ ಹಲ್ಲೇ ಬಂದಿಲ್ಲ.”

“ಕಾಯ್ತೀನಿ.”

ಹಾಳೆಯ ಪಕ್ಕದಲ್ಲೇ ಅಂಟಿಸಿದ್ದ ಸ್ಟಿಕರ್ ಚಾರ್ಟಿನಲ್ಲಿ ನನ್ನ ಹೆಸರಿನ ಮುಂದೆ ಒಂದು ನಕ್ಷತ್ರ ಬಿತ್ತು. ತಾಳ್ಮೆಗೆ.

ಜೂನ್ 7, ಶನಿವಾರ

ಮೊದಲ ವಿಶೇಷ ಸಮಯ. ಸ್ಥಳ, ಅಪ್ಪನ ಕನ್ನಡಕದಂಗಡಿಯ ಪಕ್ಕದ ಕ್ಯಾಂಟೀನು. ಕಾಲು ಕುಂಟುವ ಮೇಜು, ಎರಡು ಟೀ. ಅಪ್ಪ ಜೇಬಿನಿಂದ ಚೀಟಿ ತೆಗೆದರು, ಕನ್ನಡಕ ಹಣೆಗೇರಿಸಿದರು, ಗಂಟಲು ಸರಿಮಾಡಿಕೊಂಡರು.

“ಈ ವಾರ ನಿನಗೆ ಖುಷಿ ಕೊಟ್ಟ ವಿಷಯ ಯಾವುದು?”

“ಒಂದು ದವಡೆ ಹಲ್ಲು. ಬೇರು ಸಮೇತ ಬಂತು.”

“ಒಳ್ಳೇದು, ಒಳ್ಳೇದು.” ಮುಂದಿನ ಸಾಲು. “ಬೇಜಾರು ಕೊಟ್ಟ ವಿಷಯ?”

“ಈಗ ಓದ್ತಿದ್ದೀರಲ್ಲ, ಅದು.”

“ಅವಳು ಬರ್ಕೊಟ್ಟಿದ್ದು ಮರಿ,” ಅಂದರು, ಸಿಕ್ಕಿಬಿದ್ದವರ ಹಾಗೆ. ಆಮೇಲೆ ಗೋಡೆ ಗಡಿಯಾರ ನೋಡಿದರು.

ಪ್ರೀತಿಗೂ ಪ್ರಿಸ್ಕ್ರಿಪ್ಷನ್. ವಾರಕ್ಕೊಮ್ಮೆ, ಟೀ ನಂತರ. ಅಕ್ಷರ ಹೆಂಡತಿಯದು, ಬಾಯಿ ಮಾತ್ರ ಅಪ್ಪನದು. ಬಾಯಿಗಳ ಬಗ್ಗೆ ನನಗೆ ತಿಳಿದಿರುವಷ್ಟು ಹೇಳುತ್ತೇನೆ — ಇಂಥ ಪ್ರೀತಿ ಕಟ್ಟಿಸಿಕೊಂಡ ಹಲ್ಲಿನ ನಗು. ಹೊಳಪಿದೆ, ನರವಿಲ್ಲ.

ಇವತ್ತು ಹೇಳಬೇಕಾದ ಒಂದು ವಿಷಯ ಇತ್ತು. ನಮ್ಮ ದೊಡ್ಡ ಡಾಕ್ಟರು ಬೇರೆ ಊರಿನಲ್ಲಿ ಹೊಸ ಕ್ಲಿನಿಕ್ ತೆರೆಯುತ್ತಿದ್ದಾರೆ, ನನ್ನನ್ನೇ ಅಲ್ಲಿ ಕೂರಿಸುತ್ತಾರಂತೆ. ತಿಂಗಳ ಕೊನೆಗೆ ಉತ್ತರ ಬೇಕು. ಹೋದರೆ ಈ ಮನೆ ಬಿಟ್ಟ ಹಾಗೆ. ಆದರೆ ಆ ಪ್ರಶ್ನೆ ಚೀಟಿಯಲ್ಲಿ ಇರಲಿಲ್ಲ.

ಜೂನ್ 14, ಶನಿವಾರ

ಚೀಟಿ ಮರೆತು ಬಂದಿದ್ದರು. ಎಲ್ಲ ಜೇಬು ತಡಕಿದರು, ಶರ್ಟಿನದು, ಪ್ಯಾಂಟಿನದು, ಕೊನೆಗೆ ಛತ್ರಿಯೊಳಗೂ ನೋಡಿದರು. ಪಾಪ. ಪಠ್ಯವಿಲ್ಲದೆ ಪರೀಕ್ಷೆಗೆ ಬಂದ ಮೇಷ್ಟರು.

ಆಮೇಲೆ ತಾವಾಗಿಯೇ ಶುರು ಮಾಡಿದರು. ಒಬ್ಬ ಗಿರಾಕಿ ಹೊಸ ಕನ್ನಡಕ ಹಿಡಿದು ವಾಪಸ್ ಬಂದನಂತೆ. ನಂಬರ್ ತಪ್ಪಿದೆ ಅಂತ ಜಗಳ. ಏನಾಯಿತು ಅಂದರೆ, “ಹಾಕ್ಕೊಂಡ್ರೆ ನನ್ನ ಹೆಂಡತಿಗೆ ವಯಸ್ಸಾಗಿರೋ ಹಾಗೆ ಕಾಣುತ್ತೆ.” ಪಕ್ಕದಲ್ಲೇ ಹೆಂಡತಿ. ಆಕೆ ಆ ಕನ್ನಡಕ ಕಿತ್ತುಕೊಂಡು ತಾನು ಹಾಕಿಕೊಂಡು ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ನಂಬರ್ ಸರಿಯಾಗೇ ಇದೆ” ಅಂದಳಂತೆ.

ಅಪ್ಪ ಆಕೆಯ ಹಾಗೆ ಕುತ್ತಿಗೆ ಕೊಂಕಿಸಿ ತೋರಿಸಿದರು. ನನಗೆ ಟೀ ಮೂಗಿಗೆ ಹೋಯಿತು. ಮಾಣಿ ಬಂದು ಮೇಜು ಒರೆಸಿದ, ಅಪ್ಪ ಮತ್ತೆರಡು ಟೀ ಹೇಳಿದರು, ಗಡಿಯಾರ ನೋಡಲಿಲ್ಲ.

ಕ್ಲಿನಿಕ್ ವಿಷಯ ಹೇಳಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ನಗುವಿನ ನಡುವೆ ಯಾಕೆ. ಮುಂದಿನ ಶನಿವಾರ ಹೇಳಿದರಾಯಿತು.

ಮುಂದಿನ ಶನಿವಾರಕ್ಕೆ ಕಾಯುತ್ತಿದ್ದೇನೆ ಅಂತಲ್ಲ.

ಜೂನ್ 21, ಶನಿವಾರ, ಸಂಜೆ

ಅದೇ ಮೇಜು. ಒಂದು ಟೀ. ಆಮೇಲೆ ಇನ್ನೊಂದು. ಮಾಣಿಗೆ ನನ್ನ ಮೇಲೆ ಕರುಣೆ ಬಂದು ಕೇಳದೆಯೇ ನೀರು ತಂದಿಟ್ಟ. ಪಕ್ಕದಲ್ಲಿ ಅಂಗಡಿಯ ಶಟರ್ ಎಳೆದಿತ್ತು.

ಕೊನೆಗೆ ಫೋನ್. ಅಪ್ಪನದಲ್ಲ, ಟೀಚರದು. “ಪುಟ್ಟನಿಗೆ ಮೈ ಬಿಸಿ ಇದೆ ರೀ, ಇಬ್ರೂ ಡಾಕ್ಟ್ರ ಹತ್ರ ಬಂದಿದೀವಿ. ನೀವು ಬೇಜಾರು ಮಾಡ್ಕೋಬೇಡಿ ಆಯ್ತಾ? ಮುಂದಿನ ವಾರ ಅಪ್ಪ ಡಬಲ್ ಟೈಮ್ ಕೊಡ್ತಾರೆ.”

ಡಬಲ್ ಟೈಮ್. ರೈಲು ತಪ್ಪಿದವರಿಗೆ ಎರಡು ಟಿಕೆಟ್.

ಮೈ ಬಿಸಿ ಅಂದರೆ ಎಷ್ಟು ಅಂತ ಕೇಳಿದೆ. ಏನೂ ಇಲ್ಲವಂತೆ, ಹೊದಿಕೆ ಜಾಸ್ತಿಯಾಗಿತ್ತಂತೆ. ಮಾನ್ಯರು ಬೆವೆತರು, ಸಭೆ ರದ್ದು.

ಮನೆಗೆ ಬಂದು ಊಟ ಬೇಡ ಅಂದು ಬಾಗಿಲು ಬಡಿದು ಹಾಕಿಕೊಂಡೆ. ಆಮೇಲೆ ನೀರು ಕುಡಿಯಲು ಹೋದಾಗ ಫ್ರಿಡ್ಜಿನ ಹಾಳೆ ಮತ್ತೆ ಓದಿದೆ. ‘ದೊಡ್ಡ ಮಗು ಹಟ ಮಾಡಬಹುದು, ಊಟ ಬೇಡ ಎನ್ನಬಹುದು, ಬಾಗಿಲು ಬಡಿಯಬಹುದು, ಹಾಸಿಗೆ ಒದ್ದೆ ಮಾಡಬಹುದು.’

ಕೊನೆಯದೊಂದು ಬಾಕಿ.

ಜೂನ್ 24, ಮಂಗಳವಾರ

ಊಟದ ಹೊತ್ತಿಗೆ ಹೇಳಿಬಿಟ್ಟೆ. ಆ ಊರಿಗೆ ಹೊರಟೆ, ಮುಂದಿನ ತಿಂಗಳು. ಉತ್ತರ ಇನ್ನೂ ಕೊಟ್ಟಿಲ್ಲ ಅನ್ನುವುದನ್ನು ನುಂಗಿಕೊಂಡೆ.

ಟೀಚರ್ ಕೈಯ ಚಮಚ ನಿಂತಿತು. “ನಾನೇನಾದ್ರೂ ತಪ್ಪು ಮಾಡಿದ್ನಾ?”

“ಇಲ್ನೋಡಿ, ಇದು ಕೆಲಸದ ವಿಷಯ.”

ಅವರ ಕಣ್ಣಲ್ಲಿ ನೀರು. ಇವರನ್ನು ತಿರಸ್ಕರಿಸುವುದೂ ಕಷ್ಟ, ಎಲ್ಲಿ ಒತ್ತಿದರೂ ಒಳಗೆ ಹೋಗುವ ದಿಂಬಿನ ಹಾಗೆ. ಅಪ್ಪನತ್ತ ನೋಡಿದೆ. ಅಪ್ಪ ತಟ್ಟೆಯತ್ತ ನೋಡಿದರು.

“ನಿನ್ನಿಷ್ಟ ಮರಿ.”

ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹತ್ತು ಫ್ರೇಮ್ ಹರಡಿ ಅನ್ನುವ ಮಾತು. ‘ನಿಮ್ಮಿಷ್ಟ ಸಾರ್, ಎಲ್ಲಾನೂ ಒಪ್ಪುತ್ತೆ.’ ಚಿಕ್ಕಂದಿನಿಂದ ಕೇಳಿದ್ದೇನೆ. ಹೋಗಬೇಡ ಎಂಬುದಕ್ಕೆ ಚೀಟಿ ಬರೆದುಕೊಡಲು ಟೀಚರಿಗೂ ಪುರುಸೊತ್ತಾಗಲಿಲ್ಲ. ಅಪ್ಪನ ಸ್ವಂತದ್ದು ಅಂತ ಒಂದು ವಾಕ್ಯವೂ ಉಳಿದಿಲ್ಲವೇನೋ.

ಜೂನ್ 25, ಬುಧವಾರ

ಚಾರ್ಟಿನಲ್ಲಿ ಹೊಸ ನಕ್ಷತ್ರ. ‘ಮನಸ್ಸಿನ ಮಾತು ಹೇಳಿದ್ದಕ್ಕೆ.’

ಕಿತ್ತುಹಾಕಲು ಹೋದೆ. ಒಳ್ಳೆ ಗೋಂದು. ಅರ್ಧ ಬಂತು.

ಜೂನ್ 28, ಶನಿವಾರ, ಕ್ಲಿನಿಕ್‌ನಲ್ಲೇ

ಕ್ಯಾಂಟೀನಿಗೆ ಹೋಗಬಾರದು ಅಂತ ತೀರ್ಮಾನಿಸಿ ಆ ಹೊತ್ತಿಗೇ ಒಬ್ಬ ರೋಗಿಯನ್ನು ಹಾಕು ಅಂದಿದ್ದೆ ಕೌಂಟರಿನ ಹುಡುಗಿಗೆ. ಹಾಕಿದಳು. ಬಾಗಿಲು ತೆರೆದರೆ ಅಪ್ಪ. ನೇರ ಕುರ್ಚಿ ಹತ್ತಿ, ಒರಗಿ, ಬಾಯಿ ತೆರೆದರು.

“ಎಲ್ಲಿ ನೋವು?”

“ನೀನೇ ನೋಡಿ ಹೇಳು.”

ನೋಡಿದೆ. ಹುಳುಕಿಲ್ಲ, ವಸಡು ಗಟ್ಟಿ, ಒಂದೂ ಅಲುಗುತ್ತಿಲ್ಲ. ಅಸೂಯೆ ಪಡಬೇಕಾದ ಬಾಯಿ. ಆದರೂ ಎರಡೂ ದವಡೆಗೆ ಹತ್ತಿ ತುಂಬಿದೆ. ವೈದ್ಯಕೀಯವಾಗಿ ಯಾವ ಸಮರ್ಥನೆಯೂ ಇಲ್ಲ. ಎದುರುತ್ತರ ಬರದ ಹಾಗೆ ಮಾತಾಡಲು ಈ ವೃತ್ತಿಯಲ್ಲಿ ಮಾತ್ರ ಸಾಧ್ಯ.

“ಟೀಚರ್ ಕಳಿಸಿದ್ರಾ?”

ತಲೆ ಅಲ್ಲಾಡಿಸಿದರು. ಇಲ್ಲ.

“ಅಲ್ಲಾಡಬೇಡಿ, ಕನ್ನಡಿ ತಾಗುತ್ತೆ.” ಆಮೇಲೆ ಎಲ್ಲ ಹೇಳಿದೆ. ಇನ್ನೂ ಒಪ್ಪಿಲ್ಲ ಅಂತ. ಸೋಮವಾರ ಉತ್ತರ ಕೊಡಬೇಕು ಅಂತ. ಹಳದಿ ಬಟ್ಟೆ, ಚಾರ್ಟು, ಡಬಲ್ ಟೈಮು. ಮೈ ಬೆವೆತರೆ ನನ್ನನ್ನೂ ಡಾಕ್ಟರ ಹತ್ತಿರ ಕರೆದೊಯ್ಯುವಿರಾ ಅಂತ ಕೇಳಿದೆ. ಎರಡರಿಂದ ಆರರೊಳಗಿನ ಮಾತು, ಗೊತ್ತು. ಅಪ್ಪ ಕುರ್ಚಿಯ ಮೇಲೆ ಬಾಗಿದ ದೀಪ ನೋಡುತ್ತ ಕೇಳಿಸಿಕೊಂಡರು. ದೀಪ ಅವರ ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೇ ನೀರು ಬಂದಿರಬೇಕು. ದೀಪ ಪಕ್ಕಕ್ಕೆ ತಳ್ಳಿದೆ. ಮತ್ತೂ ಬಂತು.

ಹತ್ತಿ ತೆಗೆದೆ.

“ಅವಳಿಗೆ ಗೊತ್ತಿಲ್ಲ,” ಅಂದರು. “ಸ್ಟಾಕ್ ನೋಡೋದಿದೆ ಅಂತ ಸುಳ್ಳು ಹೇಳಿ ಬಂದೆ.”

“ಮೊನ್ನೆ ನಿನ್ನಿಷ್ಟ ಅಂದ್ರಿ.”

“ನೀನು ದೊಡ್ಡವಳು. ಹಾಗೆ ಅನ್ಬೇಕು ಅಂದ್ಕೊಂಡೆ.”

“ಈಗ?”

ಬಾಯಿ ಮುಕ್ಕಳಿಸಿದರು. ಬೇಕಂತಲೇ ನಿಧಾನ. “ಹೋಗ್ಬೇಡ ಅನ್ನೋಕೆ ನನ್ನ ಹತ್ರ ಒಂದು ಕಾರಣಾನೂ ಇಲ್ಲ. ನಿಂಗೆ ಒಳ್ಳೇದೇ ಅದು. ಯೋಚ್ನೆ ಮಾಡಿ ನೋಡ್ದೆ.” ಟವೆಲಿನಲ್ಲಿ ಗಲ್ಲ ಒರೆಸಿಕೊಂಡರು. “ಆದ್ರೂ ಹೋಗ್ಬೇಡ.”

ಇಷ್ಟು ಕೆಟ್ಟ ವಾದವನ್ನು ಡಿಬೇಟಿನಲ್ಲಿ ಮಂಡಿಸಿದ್ದರೆ ಕಾಲೇಜಿನಲ್ಲಿ ಸೀಟಿ ಹೊಡೆದು ಇಳಿಸುತ್ತಿದ್ದೆವು. ತಲೆಯಿಲ್ಲ, ಬುಡವಿಲ್ಲ. ಬರೆದುಕೊಟ್ಟವರೂ ಇಲ್ಲ.

“ಯೋಚಿಸ್ತೀನಿ,” ಅಂದೆ, ಪೆಡಸಾಗಿ. ಕೈಗವಸು ಕಳಚಲು ಎಂದೂ ಇಷ್ಟು ಹೊತ್ತು ಹಿಡಿದಿಲ್ಲ.

ಅಪ್ಪ ಹೋದ ಮೇಲೆ ಕೌಂಟರಿನ ಹುಡುಗಿ ಬಂದಳು. “ಡಾಕ್ಟ್ರೇ, ನಿಮ್ಮ ತಂದೆ ಮುಂದಿನ ಶನಿವಾರಕ್ಕೂ ಟೈಮ್ ತಗೊಂಡ್ರು. ಯಾವ ಹಲ್ಲಿಗೆ ಅಂತ ಬರ್ಕೊಳ್ಲಿ ಅಂದೆ. ‘ಅವಸರ ಏನಿಲ್ಲ, ವಾರಕ್ಕೊಂದು ನೋಡ್ಲಿ’ ಅಂದ್ರು.”

ಹುಚ್ಚು. ಈ ವಯಸ್ಸಿಗೂ ಅವರ ಬಾಯಲ್ಲಿ ಮೂವತ್ತೆರಡರಲ್ಲಿ ಒಂದೂ ಬಿದ್ದಿಲ್ಲ. ವಾರಕ್ಕೊಂದರಂತೆ ನೋಡುತ್ತ ಕೂತರೆ ಈ ವರ್ಷ ಪೂರ್ತಿ ನಾನು ಇಲ್ಲೇ…