ವರ್ಷದ ಮೇಲೊಂದು ದಿನ

ಅಮ್ಮಾ,

ಇದನ್ನು ನಿನಗೆ ಓದಿ ಹೇಳುತ್ತಿರುವ ಸಂನ್ಯಾಸಿ ನಿಕೋಲ್ ಅವರೇ, ನಾನು ಹೇಳುತ್ತ ಹೋದಂತೆ ಬರೆದುಕೊಂಡವರು. ಓದಿ ಮುಗಿದ ಕೂಡಲೇ ಒಲೆಗೆ ಹಾಕಿಬಿಡು. ಒಡೆಯನ ಪಾರುಪತ್ಯಗಾರನ ಕೈಗೆ ಸಿಕ್ಕರೆ ನಿನ್ನ ಕತೆ ಮುಗಿದಂತೆ.

ಎಂಟು ವರ್ಷದಿಂದ ನಿನಗೆ ಒಂದು ಮಾತು ಹೇಳುವುದು ಬಾಕಿ ಇದೆ. ಅವತ್ತು ನೀನು ಕರೆದೆ, ನಾನು ಓಗೊಡಲಿಲ್ಲ.

ಒಡೆಯನ ಹೊಲದಿಂದ ಓಡಿಬಂದವರು ಈ ಇನ್ವರ್ಕಾರನ್ ಪಟ್ಟಣದಲ್ಲಿ ಒಂದು ವರ್ಷ, ಮೇಲೊಂದು ದಿನ ಸಿಕ್ಕಿಬೀಳದೆ ಕಳೆದರೆ ಆಮೇಲೆ ಯಾರ ಆಳೂ ಅಲ್ಲ. ನಾನು ಬಂದಾಗ ಇಲ್ಲಿದ್ದದ್ದು ಒಂದೇ ಬೀದಿ, ಅಲೆ ಬಡಿದರೆ ಅಲ್ಲಾಡುವ, ದೋಣಿ ನಿಲ್ಲುವ ಮರದ ಕಟ್ಟೆ. ಬೀದಿಯ ಅರ್ಧಕ್ಕರ್ಧ ಜನ ನನ್ನ ಹಾಗೇ ಓಡಿಬಂದವರು. ಕುದುರೆಯ ಸದ್ದಾದರೆ ಸಾಕು, ಎಲ್ಲರೂ ಬಾಗಿಲ ಹಿಂದೆ ಸರಿಯುತ್ತಿದ್ದರು. ಮೀನಿಗೆ ಉಪ್ಪು ಹಾಕುವ ವಿಧವೆ ಗುನ್ನಿಲ್ಡ್ ನನಗೆ ಕೆಲಸ ಕೊಟ್ಟಳು. "ಏ ಎಡಚಿ, ನಿನ್ನ ಈ ಕೈಯೇ ನಿನ್ನನ್ನ ಹಿಡಿದು ಕೊಡುತ್ತೆ ನೋಡು" ಎಂದು ದಿನಾ ಬೈಯುತ್ತಿದ್ದಳು.

ಆ ಗಡುವಿನ ಕೊನೆಯ ದಿನವೇ ಪಾರುಪತ್ಯಗಾರ ಬಂದ. ನನ್ನನ್ನು ಎಳೆದೊಯ್ಯಲು ರಕ್ತಸಂಬಂಧಿಯ ಸಾಕ್ಷಿ ಬೇಕಿತ್ತು. ಅದಕ್ಕೇ ನಿನ್ನನ್ನು ಕುದುರೆಯ ಹಿಂದೆ ನಡೆಸಿಕೊಂಡು ಬಂದಿದ್ದ. ಸಂತೆಯ ನಡುವೆ ನೆಟ್ಟ ಶಿಲುಬೆಯ ಹತ್ತಿರ ನಿಲ್ಲಿಸಿ ಕೂಗಿಸಿದ. "ಮರಿಯೋಟಾ!" ನಿನ್ನ ದನಿ ಕೇಳಿದ್ದೇ ಮೀನು ಸೀಳುವ ಕತ್ತಿಯನ್ನು ಬಲಗೈಗೆ ಬದಲಿಸಿಕೊಂಡೆ. ಎರಡನೇ ಸಲಕ್ಕೆ ಬೆರಳು ಕೊಯ್ದುಕೊಂಡೆ. ಮೂರನೇ ಸಲ ಕೂಗಿದಾಗ ನೀನು ನನ್ನ ಬುಟ್ಟಿಯ ಮುಂದೆಯೇ ಇದ್ದೆ. ಕೆಸರು ಮೆತ್ತಿದ ನಿನ್ನ ಪಾದ ಕಾಣುತ್ತಿತ್ತು. ನಾನು ತಲೆ ಎತ್ತಲಿಲ್ಲ.

"ಇವಳೇನೇ ನಿನ್ನ ಮಗಳು?" ಎಂದ.

ನೀನು ನನ್ನ ಕೈ ನೋಡಿದೆ, ಚಿಂದಿಯಾದ ಮೀನನ್ನು ನೋಡಿದೆ. "ಥೂ, ಇಷ್ಟು ಗಲೀಜಾಗಿ ಮೀನು ಸೀಳೋಳು ನನ್ನ ಮಗಳಾಗ್ತಾಳಾ ಸ್ವಾಮಿ? ನಾನು ಹಂಗೆ ಬೆಳೆಸಿಲ್ಲ" ಎಂದೆ. ಸುತ್ತಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ನಾನು ಕೊಯ್ದ ಬೆರಳನ್ನು ಉಪ್ಪಿನಲ್ಲಿ ಅದ್ದಿದೆ, ಕಣ್ಣೀರಿಗೆ ಒಂದು ನೆಪ ಬೇಕಿತ್ತು. ನೀನು ಮತ್ತೆ ಅದೇ ಕುದುರೆಯ ಹಿಂದೆ ನಡೆದುಹೋದೆ. ಆ ನೋವು ಇವತ್ತಿಗೂ ಆರಿಲ್ಲ ಅಮ್ಮ.

ಈಗ ಇಲ್ಲಿ ಮೂರು ಬೀದಿಗಳಿವೆ, ಕಟ್ಟೆ ಕಲ್ಲಿನದು, ಕಡಲಾಚೆಯ ಹಡಗುಗಳು ಬರುತ್ತವೆ. ನನಗೂ ಒಂದು ಮನೆ ಇದೆ, ನಿನ್ನ ಹೆಸರಿನ ಮಗಳಿದ್ದಾಳೆ. ಸೊಂಟ ಬಿದ್ದುಹೋದರೂ ನಿನ್ನನ್ನು ಒಡೆಯನ ಬೀಸುವ ಕಲ್ಲಿನ ಮುಂದೆ ಕೂರಿಸಿದ್ದಾರಂತೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಇವತ್ತೇ ನಿಕೋಲ್ ಅವರ ಕತ್ತೆಯ ಮೇಲೆ ಕೂತು ಹೊರಟುಬಿಡು.

ವರ್ಷದ ಮೇಲೊಂದು ದಿನ ನಿನ್ನನ್ನು ಕಾಪಾಡುವುದು ನನ್ನ ಕೆಲಸ. ಅವನು ಬಂದು, ಇವಳು ನಿನ್ನ ತಾಯಿಯೇನೇ ಎಂದು ಕೇಳಿದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಟ್ಟುಕೊಂಡಿದ್ದೇನೆ. "ಥೂ, ಇಷ್ಟು ಗಂಟುಗಂಟಾಗಿ ಗಂಜಿ ಕಾಯಿಸೋಳು ನನ್ನ ತಾಯಿ ಆಗ್ತಾಳಾ ಸ್ವಾಮಿ?"

ನೀನು ಮಾತ್ರ ಗಂಜಿ ಕೆಡಿಸುವುದನ್ನು ದಾರಿಯಲ್ಲೇ ಕಲಿತುಕೊಂಡು ಬಾ.

ದೇವಮಾತೆ ನಿನ್ನನ್ನು ದಾರಿಯುದ್ದಕ್ಕೂ ಕಾಯಲಿ.

ನಿನ್ನ ಎಡಚಿ,
ಮರಿಯೋಟ