ಇಲ್ಲದ ನಾಯಿಗೆ ಸೂಜಿ

ಹದಿನೇಳನೇ ತಾರೀಖು, ಭಾನುವಾರ

ಪ್ರೀತಿಯ ಮಿಡತೆಗೆ,

ನಿನ್ನ ಅಕ್ಕ ಬರೆಯುತ್ತಿದ್ದೇನೆ. ಫೋನು ಎತ್ತುವುದಿಲ್ಲ ಎಂದು ನೀನು ಹಟ ಹಿಡಿದ ಮೇಲೆ ಕಾಗದವೇ ಗತಿ. ಇದರಲ್ಲೂ ಒಂದು ಅನುಕೂಲವಿದೆ. ನಡುವೆ ಬಾಯಿ ಹಾಕುವುದಕ್ಕೆ ನಿನಗೆ ಆಗುವುದಿಲ್ಲ, ನಿನ್ನ ಮುಖ ನೋಡಿ ಮಾತು ತಿರುಗಿಸುವುದಕ್ಕೆ ನನಗೂ ಆಗುವುದಿಲ್ಲ.

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಬರೆದು ಬರೆದು ಸಾಕಾಗಿದೆ. ನನಗೆ ಸುಸ್ತಾಗಿದೆ, ಅಷ್ಟೇ. ದಿನಕ್ಕೆ ಇನ್ನೂರು ಜನ ಆಸ್ಪತ್ರೆಯ ಆ ಚೀಟಿ ಕಿಟಕಿಯ ಮುಂದೆ ನಿಲ್ಲುತ್ತಾರೆ. ಹೆಸರೇನು, ಏನಾಯಿತು, ಯಾವಾಗಿನಿಂದ ಎಂದು ಕೇಳಿ ಕೇಳಿ ಮನೆಯಲ್ಲೂ ಅದೇ ದನಿ ಬಂದುಬಿಟ್ಟಿದೆ. ಮೊನ್ನೆ ಅಮ್ಮ ಹಾಲು ಉಕ್ಕುತ್ತಿದೆ ಎಂದು ಕೂಗಿದಳು, ನಾನು ಕೂತಲ್ಲಿಂದಲೇ ಯಾವಾಗಿನಿಂದ ಎಂದು ಕೇಳಿದೆನಂತೆ.

ಅಮ್ಮ ಚೆನ್ನಾಗಿದ್ದಾಳೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ, ಅದಕ್ಕೇ ನೀನು ಬರುತ್ತಿಲ್ಲ ಎಂದು ಹೇಳಿದ್ದೇನೆ. ಊರವರ ಕಣ್ಣೆಲ್ಲ ಎರಡು ತಿಂಗಳಿಂದ ಒಟ್ಟಿಗೇ ಕೆಟ್ಟವೇನೇ ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಫಾರಮ್ಮಿನಲ್ಲಿ ‘ಗಾಯವಾದ ಬಗೆ’ ಎಂಬ ಸಾಲಿನ ಮುಂದೆ ಎರಡು ಚೌಕಗಳಿವೆ. ಒಂದು ‘ಆಕಸ್ಮಿಕ’, ಇನ್ನೊಂದು ‘ಸ್ವತಃ ಮಾಡಿಕೊಂಡದ್ದು’. ಮೊದಲನೆಯದಕ್ಕೆ ಗುರುತು ಹಾಕಿದರೆ ಪಟ್ಟಿ ಕಟ್ಟಿ ಮನೆಗೆ ಕಳಿಸುತ್ತಾರೆ. ಎರಡನೆಯದಕ್ಕೆ ಹಾಕಿದರೆ ಪಟ್ಟಿ ಕಟ್ಟಿದ ಮೇಲೆ ಒಬ್ಬರು ಜೊತೆಗೆ ಬಂದು ಎರಡನೇ ಮಹಡಿಯ ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹದಿನಾಲ್ಕು ವರ್ಷದಿಂದ ಆ ಗುರುತು ಹಾಕುತ್ತಿರುವವಳು ನಾನು. ಯಾವ ಚೌಕದಿಂದ ಯಾವ ದಾರಿ ಎನ್ನುವುದು ನನಗಿಂತ ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ.

ನೀನು ಮೊದಲ ಸಲ ಗಾಯವಾಗಿ ಬಂದಾಗ ಸೈಕಲ್ಲಿನಿಂದ ಬಿದ್ದದ್ದು ಎಂದು ನಾನು ಬರೆದೆ. ನಿನಗೆ ಸೈಕಲ್ ಹೊಡೆಯಲು ಬರುವುದಿಲ್ಲ, ಕಲಿಸಲು ಹೋಗಿ ನನ್ನ ಸೊಂಟ ಉಳುಕಿದ್ದು ನನಗೆ ಮರೆತಿಲ್ಲ. ಎರಡನೇ ಸಲ ಮೆಟ್ಟಿಲಲ್ಲಿ ಜಾರಿದ್ದು ಎಂದು ಬರೆದೆ. ನಿನ್ನ ಮಾನ ಉಳಿಸಿದೆ ಎಂದು ಸಂಜೆ ಬಸ್ಸಿನಲ್ಲಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರನೇ ಸಲದ್ದನ್ನು ಬರೆಯುವುದು ಕಷ್ಟ. ನೀನು ಕಿಟಕಿಯ ತೂತಿಗೆ ಬಾಯಿ ಹತ್ತಿರ ತಂದು, “ಅಕ್ಕ, ಈ ಸಲ ನಿಜ ಬರಿ. ನಾನೇ ಮಾಡ್ಕೊಂಡಿದ್ದು ಅಂತ ಬರಿ” ಎಂದೆ. ಅಷ್ಟು ಹೇಳಲು ನಿನಗೆ ಎಷ್ಟು ದಿನ ಬೇಕಾಗಿತ್ತೋ. ನಿನ್ನ ಹಿಂದೆ ನಮ್ಮ ಮೇಲಿನ ಮನೆಯಾಕೆ ಮೊಣಕಾಲು ನೋವೆಂದು ನಿಂತಿದ್ದಳು. ಅವಳ ಕಿವಿ ನೆಟ್ಟಗಾಯಿತು. ನಾನು ಅವಳಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ, “ನಾಯಿ ಪರಚಿತಾ? ಎಷ್ಟು ಹೊತ್ತಿಗೆ?” ಎಂದೆ. ನೀನು ನನ್ನನ್ನು ನೋಡಿದೆ. ಆಮೇಲೆ ಚೀಟಿ ತೆಗೆದುಕೊಂಡು ಹೋದೆ.

ನಾಯಿ ಎಂದು ಬರೆದರೆ ನಾಯಿಯ ಚುಚ್ಚುಮದ್ದು ಕೊಡುತ್ತಾರೆ ಎನ್ನುವುದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಲು ಬಿಡಲಿಲ್ಲವೋ. ಗಾಯ ನೋಡುವ ಆ ಅವಸರದ ಡಾಕ್ಟರು ಚೀಟಿ ನೋಡಿದರು, ನಿನ್ನನ್ನು ನೋಡಲಿಲ್ಲ. ನೀನು ಇಲ್ಲದ ನಾಯಿಗೆ ಸೂಜಿ ಚುಚ್ಚಿಸಿಕೊಂಡೆ. ಎರಡನೆಯ ಸೂಜಿಗೂ ಬಂದು, ಸಾಲಿನಲ್ಲಿ ನಿಂತು, ಯಾರೋ ಎನ್ನುವ ಹಾಗೆ ನನ್ನ ಮುಂದೆ ಚೀಟಿ ಚಾಚಿದೆ. ಮೂರನೆಯದಕ್ಕೆ ಬರಲಿಲ್ಲ. ಬಾರದವರಿಗೆ ಫೋನು ಮಾಡುವುದೂ ನನ್ನದೇ ಕೆಲಸ. ನಿನಗೆ ಹನ್ನೊಂದು ಸಲ ಮಾಡಿದ್ದು ಆ ಕೆಲಸಕ್ಕಲ್ಲ.

ಆ ಮೂರನೇ ಸಲದ ಸಂಜೆಯ ಜಗಳವನ್ನೂ ಹೇಳಿಬಿಡುತ್ತೇನೆ. ನಾನು ನಿನ್ನ ಬಾಡಿಗೆ ಕೋಣೆಗೆ ಬಂದು, ಬೇಕಂತಲೇ ಮಾಡಿಕೊಳ್ಳುತ್ತೀಯಾ, ನಮ್ಮ ಹೊಟ್ಟೆ ಉರಿಸಲು ಮಾಡುತ್ತೀಯಾ ಎಂದು ಕೂಗಾಡಿದೆ. ನೀನು ಹಾಸಿಗೆಯ ತುದಿಯಲ್ಲಿ ಕೂತು ಮೆಲ್ಲಗೆ, “ಗೊತ್ತಿದ್ದೇ ಮಾಡ್ತೀನಿ ಅಕ್ಕ. ಆದ್ರೆ ಮಾಡ್ದೆ ಇರೋಕೆ ಆಗಲ್ಲ” ಎಂದೆ. ನನಗೆ ರೇಗಿತು. “ಎರಡ್ರಲ್ಲಿ ಒಂದು ಹೇಳು. ಗೊತ್ತಿದ್ರೆ ನಿಲ್ಸು. ಆಗಲ್ಲ ಅಂದ್ರೆ ಗೊತ್ತಿಲ್ಲ ಅನ್ನು” ಎಂದೆ. ನಿನ್ನ ಮುಂದೆಯೂ ನಾನು ಫಾರಮ್ಮು ಹಿಡಿದುಕೊಂಡೇ ನಿಂತಿದ್ದೆ. ನೀನು ಎದ್ದು ಬಾಗಿಲು ತೆಗೆದೆ. ನಾನು ಹೊರಗೆ ಬಂದೆ. ಅಲ್ಲಿಂದ ಇಲ್ಲಿಯವರೆಗೆ ಮಾತಿಲ್ಲ.

ಹೋದ ಗುರುವಾರ ಊಟದ ಬಿಡುವಿನಲ್ಲಿ ನಾನು ಎರಡನೇ ಮಹಡಿಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ಅಲ್ಲಿಗೆ ಜನರನ್ನು ಕಳಿಸಿದ್ದೇನೆಯೇ ಹೊರತು ಒಂದು ದಿನವೂ ಹತ್ತಿದವಳಲ್ಲ. ಆ ಡಾಕ್ಟರು ನನ್ನಷ್ಟೇ ದಣಿದ ಹೆಂಗಸು. ಡಬ್ಬಿ ಬಿಚ್ಚಿಕೊಂಡು ಒಬ್ಬರೇ ಊಟ ಮಾಡುತ್ತಿದ್ದರು. ಕೂರಿ ಎಂದರು, ತಿನ್ನುತ್ತಲೇ ಕೇಳಿಸಿಕೊಂಡರು. ನನ್ನ ತಂಗಿ ಹೀಗೆ ಮಾಡಿಕೊಳ್ಳುತ್ತಾಳೆ, ಇದು ಬೇಕೆಂದು ಮಾಡುವುದೋ ಅಥವಾ ಅವಳ ಕೈ ಮೀರಿದ್ದೋ, ಅದೊಂದು ಹೇಳಿ ಸಾಕು ಎಂದೆ. ಬೇಕೆಂದು ಮಾಡುವುದಾದರೆ ಬೈಯಬಹುದು, ಕೈ ಮೀರಿದ್ದಾದರೆ ಅಳಬಹುದು ಎಂಬುದು ನನ್ನ ಲೆಕ್ಕಾಚಾರ.

ಅವರು, “ಈ ಕೋಣೆಗೆ ಬರೋರೆಲ್ಲ ಅದನ್ನೇ ಕೇಳ್ತಾರೆ. ಉತ್ತರ ಸಿಕ್ಕಮೇಲೆ ಬನ್ನಿ ಅಂತ ನಾನು ಯಾರಿಗೂ ಹೇಳಿಲ್ಲ” ಎಂದರು. ಆಮೇಲೆ, ಅವಳು ಇದುವರೆಗೆ ಇಲ್ಲಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಹೇಳಲೇಬೇಕಾಯಿತು. ಸೈಕಲ್ಲು, ಮೆಟ್ಟಿಲು, ನಾಯಿ, ಎಲ್ಲ ಹೇಳಿದೆ. ಅವರು ಚಮಚ ಕೆಳಗಿಟ್ಟು, “ಬೇಕಂತ ಬರೆದ್ರಾ?” ಎಂದು ಕೇಳಿದರು. ಬೈಗುಳದ ದನಿಯಲ್ಲಿ ಅಲ್ಲ, ನಾನು ಕಿಟಕಿಯಲ್ಲಿ ಕೇಳುವ ದನಿಯಲ್ಲೇ.

ನಾನು, “ಗೊತ್ತಿದ್ದೇ ಬರೆದೆ. ಆದ್ರೆ ಬರೀದೆ ಇರೋಕೆ ಆಗ್ಲಿಲ್ಲ” ಎಂದೆ.

ಹೇಳಿದ ಮೇಲೆ ಯಾರ ಮಾತು ಎಂದು ಗೊತ್ತಾಯಿತು. ಅಲ್ಲೇ ಅತ್ತುಬಿಟ್ಟೆ, ಮಿಡತೆ. ಅವರು ಊಟ ಮುಗಿಸುವವರೆಗೂ ಅಳುತ್ತಿದ್ದೆ.

ಮೂರು ಸಲವೂ ಪೆನ್ನು ಹಿಡಿದದ್ದು ನಾನೇ. ಯಾರೂ ಕೈ ಹಿಡಿದು ಬರೆಸಲಿಲ್ಲ. ಆದರೂ ಎದೆ ಹೊಡೆದುಕೊಂಡು, ಕಿವಿ ಬಿಸಿಯಾಗಿ, ಬರೆದ ತಕ್ಷಣ ಒಂದು ಸಮಾಧಾನ ಬರುತ್ತಿತ್ತು. ಬಸ್ಸು ಇಳಿಯುವ ಹೊತ್ತಿಗೆ ಆ ಸಮಾಧಾನ ಹೋಗಿ ನಾಚಿಕೆ ಬರುತ್ತಿತ್ತು. ನಿನ್ನದೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ನಿನ್ನ ನೋವನ್ನು ನನ್ನ ಪೆನ್ನಿನಿಂದ ಅಳೆಯುವಷ್ಟು ಬುದ್ಧಿಗೇಡಿ ಅಲ್ಲ. ಆದರೆ ಎರಡರಲ್ಲಿ ಒಂದು ಹೇಳು ಎಂದು ನಿನ್ನನ್ನು ಇನ್ನು ಕೇಳುವುದಿಲ್ಲ. ಎರಡೂ ಹೇಳು. ನಾಳೆ ಮೂರನೆಯದೊಂದು ಹೇಳಿದರೂ ಕೇಳುತ್ತೇನೆ.

ಶುಕ್ರವಾರ ಮೇಲಧಿಕಾರಿಯ ಹತ್ತಿರ ಹೋಗಿ ಆ ನಾಯಿಯನ್ನು ಕಡತದಿಂದ ಓಡಿಸಿದೆ. ‘ರೋಗಿ ಹೇಳಿದ್ದು ಬೇರೆ, ಬರೆದದ್ದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದ್ದೇನೆ. ಮೊದಲ ಎರಡನ್ನು ಮುಟ್ಟಿಲ್ಲ. ಅವುಗಳ ಬಗ್ಗೆ ನೀನು ಬಾಯಿ ಬಿಟ್ಟು ಹೇಳಿರಲಿಲ್ಲ, ಹೇಳುವುದು ಬಿಡುವುದು ನಿನ್ನ ಇಷ್ಟ. ನನ್ನಿಂದ ವಿವರಣೆ ಕೇಳಿದ್ದಾರೆ. ಅದರ ತೀರ್ಮಾನ ಆಗುವವರೆಗೆ ನನ್ನನ್ನು ಕಿಟಕಿಯಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಧೂಳು ಕುಡಿದು ಕೆಮ್ಮು ಬಂದಿದೆ, ಆದರೆ ಅಲ್ಲಿ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಮೇಲಿನ ಮನೆಯಾಕೆ ಏನಾದರೂ ಅಂದುಕೊಳ್ಳಲಿ, ಊರ ಬಾಯಿಗೆ ಬೀಗ ಹಾಕುವ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ.

ಆ ಡಾಕ್ಟರು ಈ ಗುರುವಾರ ಹನ್ನೊಂದು ಗಂಟೆಗೆ ನಿನಗಾಗಿ ಸಮಯ ಇಟ್ಟಿದ್ದಾರೆ. ಬಾ ಎಂದು ಅಪ್ಪಣೆ ಮಾಡುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ. ನೀನು ಬರದಿದ್ದರೆ ನನ್ನ ಮೇಲಿನ ಸಿಟ್ಟಿಗೆ ಇನ್ನೊಂದು ಸಲ ಒಬ್ಬಳೇ ಅದನ್ನೆಲ್ಲ ಅನುಭವಿಸುತ್ತೀಯಲ್ಲ ಎಂಬುದೇ ನನ್ನ ಭಯ. ಅದಕ್ಕಿಂತ ಮೊದಲೇ ತಡೆಯಲಾಗದಂತಾದರೆ ಯಾವ ಹೊತ್ತಿಗಾದರೂ ಫೋನು ಮಾಡು. ಮಾತಾಡದಿದ್ದರೂ ಸರಿ, ನಾನು ಹೊರಟು ಬರುತ್ತೇನೆ. ಈ ಸಲ ಬಂದು ಕೂಗಾಡುವುದಿಲ್ಲ.

ಓದಿದ ಮೇಲೆ ಬೈಯುವುದಿದ್ದರೆ ಬೈ. ಬಂದು ಬೈ.

ನಿನ್ನ
ಅಕ್ಕ

ವಿ. ಸೂ. ಸೋಮವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಕಾಗದವನ್ನು ಅಂಟಿಸದೆ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಅಮ್ಮ ಓದುತ್ತಾ ಕೂತಿದ್ದಾಳೆ. ಅವಳು ಅಳಲಿಲ್ಲ. “ನನ್ನ ಹಣೆ ವಿಷ್ಯ ಯಾಕೆ ಬರೀಲಿಲ್ಲ?” ಎಂದು ಮಾತ್ರ ಕೇಳಿದಳು. ಅಮ್ಮನ ಹಣೆಯ ಮೇಲಿನ ಗುರುತು ಏನೆಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಕದ ಬಡಿಯಿತು ಎಂದು ನಾನು ಹೇಳುತ್ತಿದ್ದೆ. ಕದ ಬಡಿದಿರಲಿಲ್ಲ. ಅಪ್ಪ ತೀರಿಹೋದ ವರ್ಷ ಅವಳೇ ಕದಕ್ಕೆ ಬಡಿದುಕೊಳ್ಳುತ್ತಿದ್ದಳು. ನನಗಾಗ ಹನ್ನೊಂದು, ನಿನಗೆ ಮೂರು. ಕೇಳಿದವರಿಗೆಲ್ಲ ಕದದ ಕಥೆ ಹೇಳಿದವಳು ನಾನು, ಯಾರೂ ಹೇಳಿಕೊಟ್ಟಿರಲಿಲ್ಲ. ನೀನೇ ನಿಲ್ಲಿಸಿದೆಯಾ, ಅದಾಗಿಯೇ ನಿಂತಿತಾ ಎಂದು ಅಮ್ಮನನ್ನು ಇಪ್ಪತ್ತೆಂಟು ವರ್ಷದ ಮೇಲೆ ಇವತ್ತು ಕೇಳಿದೆ. “ಅದು ನಂಗೂ ಗೊತ್ತಿಲ್ಲ. ಪಕ್ಕದ ಮನೆಯವಳು ದಿನಾ ಬಂದು ಹತ್ರ ಕೂರ್ತಿದ್ಲು. ಏನೂ ಕೇಳ್ತಿರಲಿಲ್ಲ. ಅವಳಿದ್ದಾಗ ಆಗ್ತಿರಲಿಲ್ಲ” ಎಂದಳು. ಆಮೇಲೆ, ಗುರುವಾರ ಹನ್ನೊಂದಕ್ಕೆ ತಾನೆ ಎಂದು ಕೇಳಿ, ಹೊರಗೆ ಹೋಗುವ ಚಪ್ಪಲಿಯನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಇವತ್ತಿನ್ನೂ ಸೋಮವಾರ.